ಕ್ಲಿಕ್ ಹೆಡ್‌ಫೋನಿಗೆ, ಸಂಗೀತ ಸ್ಪೀಕರಿಗೆ

ಪ್ರಶ್ನೆ: ಮೊದಲೇ ಮುದ್ರಿಸಿಟ್ಟ ವಾದ್ಯಗಳೊಂದಿಗೆ ವೇದಿಕೆಯಲ್ಲಿ ಹಾಡಲು ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ಆರ್ಡೋರ್ ಎಂಬ ಧ್ವನಿಮುದ್ರಣ ತಂತ್ರಾಂಶ ಬಳಸುತ್ತಿದ್ದೇವೆ. ನಮ್ಮ ಯುಎಸ್‌ಬಿ ಆಡಿಯೊ ಇಂಟರ್‌ಫೇಸಿಗೆ (ಲ್ಯಾಪ್‌ಟಾಪಿನ ಧ್ವನಿಯನ್ನು ಹೊರಗೆ ಸಾಗಿಸುವ ಪೆಟ್ಟಿಗೆ) ನಾಲ್ಕು ಔಟ್‌ಪುಟ್‌ಗಳಿವೆ. ಸಂಗೀತ ಸ್ಪೀಕರಿಗೆ ಹೋಗಬೇಕು, ತಾಳ ತೋರಿಸುವ ಮೆಟ್ರೊನೋಮಿನ ಕ್ಲಿಕ್ ಡ್ರಮ್ಸ್ ನುಡಿಸುವವರ ಹೆಡ್‌ಫೋನಿನಲ್ಲಿ ಮಾತ್ರ ಕೇಳಿಸಬೇಕು. ಈಗ ಎರಡೂ ಸ್ಪೀಕರಿನಲ್ಲೇ ಬರುತ್ತಿವೆ. ಅಲ್ಲದೆ, ಆರ್ಡೋರ್ ತೆರೆದ ಕೂಡಲೇ ಬ್ರೌಸರಿನ ಧ್ವನಿ ನಿಂತುಹೋಗುತ್ತದೆ. ಪರಿಹಾರವೇನು?

ಉತ್ತರ: ಇವು ಎರಡು ಬೇರೆ ಬೇರೆ ತೊಂದರೆಗಳು. ಬ್ರೌಸರಿನದನ್ನು ಮೊದಲು ಸರಿಪಡಿಸಿಕೊಳ್ಳಿ, ಏಕೆಂದರೆ ಉಳಿದ ಜೋಡಣೆಯೆಲ್ಲ ಅದರ ಮೇಲೆಯೇ ನಿಲ್ಲುತ್ತದೆ.

ಲಿನಕ್ಸಿನಲ್ಲಿ ಧ್ವನಿಯ ಯಂತ್ರಾಂಶದೊಡನೆ ನೇರವಾಗಿ ವ್ಯವಹರಿಸುವುದು ಅಲ್ಸಾ. ಹಲವು ತಂತ್ರಾಂಶಗಳ ಧ್ವನಿಯನ್ನು ಒಟ್ಟುಗೂಡಿಸಿ ಅಲ್ಸಾಗೆ ಒಪ್ಪಿಸುವ ಕೆಲಸವನ್ನು ಈಗ ಪೈಪ್‌ವೈರ್ ಮಾಡುತ್ತದೆ. 2021ರ ಫೆಡೋರಾ 34 ಮತ್ತು 2022ರ ಉಬುಂಟು 22.10 ಆವೃತ್ತಿಗಳಿಂದ ಆ ಲಿನಕ್ಸ್ ವಿತರಣೆಗಳಲ್ಲಿ ಇದೇ ಮೂಲ ವ್ಯವಸ್ಥೆ. ಆರ್ಡೋರ್ ಆರಂಭದಲ್ಲಿ ಕೇಳುವ ಆಡಿಯೊ ವ್ಯವಸ್ಥೆಯ ಆಯ್ಕೆಯಲ್ಲಿ ನೀವು ಅಲ್ಸಾ ಎಂದು ಆರಿಸಿದ್ದರೆ, ಅದು ಇಂಟರ್‌ಫೇಸನ್ನು ತನ್ನೊಬ್ಬನದೇ ಮಾಡಿಕೊಳ್ಳುತ್ತದೆ, ಬ್ರೌಸರಿಗೆ ದಾರಿಯೇ ಉಳಿಯುವುದಿಲ್ಲ. ಅಲ್ಲಿ ಜ್ಯಾಕ್ (ತಂತ್ರಾಂಶಗಳ ನಡುವೆ ಧ್ವನಿಯನ್ನು ಜೋಡಿಸುವ ವ್ಯವಸ್ಥೆ) ಎಂದು ಆರಿಸಿ. ಜ್ಯಾಕ್ ಸರ್ವರನ್ನು ಬೇರೆಯಾಗಿ ಓಡಿಸಬೇಕಾಗಿಲ್ಲ. ಪೈಪ್‌ವೈರ್ ತಾನೇ ಜ್ಯಾಕ್‌ನಂತೆ ವರ್ತಿಸಬಲ್ಲದು. ಅದಕ್ಕೆ ಪೈಪ್‌ವೈರ್-ಜ್ಯಾಕ್ ಪ್ಯಾಕೇಜ್ ಇರಬೇಕು, ಮತ್ತು ಕೆಲವು ವಿತರಣೆಗಳಲ್ಲಿ ಆರ್ಡೋರನ್ನು ಪಿಡಬ್ಲ್ಯೂ-ಜ್ಯಾಕ್ ಆದೇಶದ ಮೂಲಕ ತೆರೆಯಬೇಕಾಗುತ್ತದೆ.

ಇನ್ನು ಕ್ಲಿಕ್ಕಿನ ವಿಷಯ. ಪೈಪ್‌ವೈರ್ ನಿಮ್ಮ ಇಂಟರ್‌ಫೇಸನ್ನು ಬರಿಯ ಸ್ಟೀರಿಯೊ ಸಾಧನವೆಂದು ತೋರಿಸುತ್ತಿದ್ದರೆ ಮೂರು ಮತ್ತು ನಾಲ್ಕನೆಯ ಔಟ್‌ಪುಟ್‌ಗಳು ಕಣ್ಣಿಗೇ ಬೀಳುವುದಿಲ್ಲ. ಸ್ಪೀಕರಿನ ಧ್ವನಿಮಟ್ಟವನ್ನು ಪೂರ್ತಿ ತಗ್ಗಿಸಿ, ಪಾವುಕಂಟ್ರೋಲ್ ಎಂಬ ಧ್ವನಿ ನಿಯಂತ್ರಣ ತಂತ್ರಾಂಶ ತೆರೆದು, ಅದರ ಕಾನ್ಫಿಗರೇಶನ್ ಪುಟದಲ್ಲಿ ಆ ಸಾಧನಕ್ಕೆ ಪ್ರೊ ಆಡಿಯೊ ಪ್ರೊಫೈಲನ್ನು ಕೊಡಿ. ಧ್ವನಿ ತಗ್ಗಿಸುವುದನ್ನು ಮರೆಯಬೇಡಿ: ಪ್ರೊಫೈಲ್ ಬದಲಾದಾಗ ಹಿಂದಿನ ಮಟ್ಟವೇ ಉಳಿದಿರುತ್ತದೆಂದು ನಂಬುವಂತಿಲ್ಲ, ಕಿವಿಗೆ ಪೆಟ್ಟಾಗಬಾರದು. ಈಗ ಔಟ್‌ಪುಟ್‌ಗಳು ಆಕ್ಸ್ 0ರಿಂದ ಆಕ್ಸ್ 3ರವರೆಗೆ ಸಾಲಾಗಿ ಕಾಣುತ್ತವೆ. ಎಣಿಕೆ ಸೊನ್ನೆಯಿಂದ ಆರಂಭವಾಗುವುದರಿಂದ, ಪೆಟ್ಟಿಗೆಯ ಮೇಲೆ 3 ಮತ್ತು 4 ಎಂದು ಬರೆದಿರುವವು ಇಲ್ಲಿ ಆಕ್ಸ್ 2 ಮತ್ತು ಆಕ್ಸ್ 3 ಆಗಿರುತ್ತವೆ.

ಆರ್ಡೋರಿನ ವಿಂಡೋ ಮೆನುವಿನಲ್ಲಿ ಆಡಿಯೊ ಕನೆಕ್ಷನ್ಸ್ ತೆರೆಯಿರಿ. ಮಾಸ್ಟರ್ (ಎಲ್ಲ ಟ್ರ್ಯಾಕ್‌ಗಳು ಸೇರಿದ ಧ್ವನಿ) ಮೊದಲ ಎರಡು ಔಟ್‌ಪುಟ್‌ಗಳಿಗೇ ಜೋಡಿಕೊಂಡಿರಲಿ. ಆರ್ಡೋರಿನ ಇತರ ಪೋರ್ಟ್‌ಗಳ ನಡುವೆ ಕ್ಲಿಕ್ ಎಂಬುದು ಪ್ರತ್ಯೇಕವಾಗಿ ಸಿಗುತ್ತದೆ. ಅದನ್ನು ಮೊದಲ ಎರಡರಿಂದ ಬಿಡಿಸಿ ಆಕ್ಸ್ 2 ಮತ್ತು 3ಕ್ಕೆ ಸೇರಿಸಿ. ಹಳೆಯದನ್ನು ಬಿಡಿಸದೆ ಹೊಸದನ್ನು ಸೇರಿಸಿದರೆ ಕ್ಲಿಕ್ ಎರಡೂ ಕಡೆ ಕೇಳಿಸುತ್ತದೆ. ಈ ಜೋಡಣೆ ಸೆಷನ್ನಿನ ಜೊತೆಗೇ ಉಳಿಯುತ್ತದೆ. ಪೈಪ್‌ವೈರಿನ ಜೋಡಣೆಗಳನ್ನು ಚಿತ್ರವಾಗಿ ತೋರಿಸುವ ಕ್ಯೂಪಿಡಬ್ಲ್ಯೂಗ್ರಾಫ್‌ನಲ್ಲಿ ಗೆರೆ ಎಳೆದೂ ಇದನ್ನು ಮಾಡಬಹುದು, ಆದರೆ ವೇದಿಕೆಯ ಕೆಲಸಕ್ಕೆ ನಾನು ಆರ್ಡೋರಿನೊಳಗಿನ ಜೋಡಣೆಯನ್ನೇ ಹೇಳುತ್ತೇನೆ.

ಹಲವು ಇಂಟರ್‌ಫೇಸ್‌ಗಳಲ್ಲಿ ಹೆಡ್‌ಫೋನ್ ತೂತು ಮೊದಲ ಎರಡು ಔಟ್‌ಪುಟ್‌ಗಳ ನಕಲು ಮಾತ್ರ. ನಿಮ್ಮದೂ ಹಾಗಿದ್ದರೆ ಹೆಡ್‌ಫೋನ್ ಆಂಪ್ಲಿಫೈಯರನ್ನು ಹಿಂಬದಿಯ 3–4ಕ್ಕೆ ಚುಚ್ಚಬೇಕು. ಅದರ ಬದಲು ಲ್ಯಾಪ್‌ಟಾಪಿನ ಹೆಡ್‌ಫೋನ್ ತೂತಿಗೆ ಕ್ಲಿಕ್ ಕಳುಹಿಸುವ ಯೋಚನೆ ಬೇಡ: ಎರಡು ಸಾಧನಗಳ ಗಡಿಯಾರಗಳು ಬೇರೆ, ಪೈಪ್‌ವೈರ್ ಅವನ್ನು ಹೊಂದಿಸುತ್ತದಾದರೂ ವಿಳಂಬ ಎರಡರಲ್ಲೂ ಒಂದೇ ಆಗಿರುವುದಿಲ್ಲ. ತಾಳಕ್ಕೆ ಅದು ಸಲ್ಲದು.

ಪ್ರಶ್ನೆ: ಮಿಡಿ ಕೀಬೋರ್ಡಿನ ಮನೆ ಒತ್ತಿದ ಮೇಲೆ ಸ್ವರ ತುಸು ತಡವಾಗಿ ಕೇಳಿಸುತ್ತದೆ. ಪೈಪ್‌ವೈರ್ ಬಳಸುತ್ತಿದ್ದೇನೆ.

ಉತ್ತರ: ಪೈಪ್‌ವೈರ್ ಧ್ವನಿಯನ್ನು ತುಂಡುತುಂಡಾಗಿ ಸಾಗಿಸುತ್ತದೆ. ಸೆಕೆಂಡಿಗೆ 48,000 ಮಾದರಿಗಳ ದರದಲ್ಲಿ 1024 ಮಾದರಿಗಳ ಒಂದು ತುಂಡಿಗೆ ಸುಮಾರು 21 ಮಿಲಿಸೆಕೆಂಡ್ ಹಿಡಿಯುತ್ತದೆ, 128ರ ತುಂಡಿಗೆ 3ಕ್ಕಿಂತ ಕಡಿಮೆ. ಪಿಡಬ್ಲ್ಯೂ-ಮೆಟಾಡೇಟಾ ಆದೇಶದಿಂದ, ತುಂಡಿನ ಅಳತೆಯನ್ನು ನಿಗದಿಪಡಿಸುವ ಫೋರ್ಸ್-ಕ್ವಾಂಟಮ್ ಮೌಲ್ಯವನ್ನು ಮೊದಲು 256ಕ್ಕೆ ಇಳಿಸಿ ನುಡಿಸಿ ನೋಡಿ, ಸಾಲದಿದ್ದರೆ 128ಕ್ಕೆ. ಧ್ವನಿಯಲ್ಲಿ ಚಟಪಟ ಸದ್ದು ಬಂದರೆ ಪ್ರೊಸೆಸರಿಗೆ ಹೊರೆ ಹೆಚ್ಚಾಗಿದೆ ಎಂದರ್ಥ. ಒಂದು ಮೆಟ್ಟಿಲು ಹಿಂದಕ್ಕೆ ಬನ್ನಿ. ಮೌಲ್ಯವನ್ನು 0 ಮಾಡಿದರೆ ಪೈಪ್‌ವೈರ್ ಮತ್ತೆ ತಾನಾಗಿಯೇ ಅಳತೆ ಆರಿಸಿಕೊಳ್ಳುತ್ತದೆ.