ಮ್ಯಾಟ್ ಎಮಲ್ಷನ್ (ಹೊಳಪಿಲ್ಲದ, ನೀರಿನಲ್ಲಿ ಕಲಸುವ ಪೇಂಟ್) ಹೊಡೆಸಿದ ಗೋಡೆಯ ಎಣ್ಣೆ ಕಲೆಗೆ, ಪೇಂಟು ತೆಳು ಮಾಡಲು ಬಳಸುವ ಥಿನ್ನರ್ ಹಾಕಬಹುದಾ? ಇಲ್ಲದಿದ್ದರೆ ಯಾವ ಕ್ಲೀನರ್ ಒಳ್ಳೆಯದು?

ಥಿನ್ನರ್ ಬೇಡ. ಡಬ್ಬಿ ತಂದಿದ್ದರೆ ಮುಚ್ಚಳ ತೆಗೆಯಬೇಡಿ.

ಸೋಫಾ ಹಿಂದೆ ತಲೆ ಒರಗುವ ಜಾಗದಲ್ಲಿ ಕಲೆ ಅಂತ ಬರೆದಿದ್ದೀರಿ. ಧಾರವಾಡದ ನಮ್ಮ ಮನೆಯಲ್ಲಿ ಅದು ಮಾವನವರ ತಲೆಯ ಕಲೆ. ಊಟ ಆದ ಮೇಲೆ ದಿವಾನದ ಮೇಲೆ ಕೂತು, ಗೋಡೆಗೆ ಒರಗಿ ಪೇಪರ್ ಓದುತ್ತಾರೆ. ತಲೆಗೆ ಕೊಬ್ಬರಿ ಎಣ್ಣೆ ಹಚ್ಚದ ದಿನ ಇಲ್ಲ. ತಿಳಿ ಹಸಿರು ಗೋಡೆ, ಬಣ್ಣ ಹೊಡೆಸಿ ವರ್ಷ ಕೂಡ ಆಗಿರಲಿಲ್ಲ. ಅಷ್ಟರಲ್ಲಿ ನಾದಿನಿಯನ್ನು ನೋಡಲಿಕ್ಕೆ ಗಂಡಿನ ಕಡೆಯವರು ಬರುವುದು ಗೊತ್ತಾಯಿತು. ನನಗೆ ಮನೆಯಲ್ಲಿ ಆ ಕಲೆ ಬಿಟ್ಟು ಬೇರೆ ಏನೂ ಕಾಣಿಸದಂತಾಯಿತು.

ಪೇಂಟಿನ ಡಬ್ಬಿ ಮೇಲೆ 'ವಾಷಬಲ್' ಅಂತ ಇತ್ತಲ್ಲ, ಆ ಧೈರ್ಯದ ಮೇಲೆ ಒದ್ದೆ ಬಟ್ಟೆಯಿಂದ ಒರೆಸಿದೆ. ಹೋಗಲಿಲ್ಲ. ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ಬರ್ ತಗೊಂಡೆ. ಸ್ವಲ್ಪ ಹೋಯಿತು. ಕೊನೆಗೆ ಕೈಗೆ ಹಚ್ಚುವ ಸ್ಯಾನಿಟೈಸರ್ ಹಾಕಿ ಅದೇ ಜಾಗವನ್ನು ಬಿಡದೆ ತಿಕ್ಕಿದೆ. ಬಟ್ಟೆಗೆ ಹಸಿರು ಬಣ್ಣ ಬಂತು. ಎಣ್ಣೆ ಬಿಡುತ್ತಿದೆ ಅಂದುಕೊಂಡೆ. ಬಿಡುತ್ತಿದ್ದದ್ದು ಪೇಂಟು.

ಇಲ್ಲಿ ಏನಾಯಿತು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವೂ ಇದನ್ನೇ ಮಾಡುವವರಿದ್ದೀರಿ. ಅಕ್ರಿಲಿಕ್ ಎಮಲ್ಷನ್ ಅಂದರೆ ನೀರಿನಲ್ಲಿ ತೇಲುವ ಸಣ್ಣ ಸಣ್ಣ ಪ್ಲಾಸ್ಟಿಕ್ ಕಣಗಳು, ಜೊತೆಗೆ ಬಣ್ಣದ ಪುಡಿ. ನೀರು ಆರಿದಾಗ ಕಣಗಳು ಒಂದಕ್ಕೊಂದು ಅಂಟಿ ಪದರ ಆಗುತ್ತದೆ. ಆರಿದ ಮೇಲೆ ಅದು ನೀರಿಗೆ ಕರಗುವುದಿಲ್ಲ, ನಿಜ. ಆದರೆ ಪೇಂಟು ಚೆನ್ನಾಗಿ ಬೆರೆಯಲಿ, ದಪ್ಪಗಿರಲಿ ಅಂತ ಸೇರಿಸಿದ ಕೆಲವು ವಸ್ತುಗಳು ಒಳಗೇ ಉಳಿದಿರುತ್ತವೆ. ಅವು ನೀರು ಹೀರಿ ಪದರವನ್ನು ಮೆತ್ತಗೆ ಮಾಡುತ್ತವೆ. ಸ್ಯಾನಿಟೈಸರ್‌ನಲ್ಲಿರುವ ಆಲ್ಕೋಹಾಲ್ ಇನ್ನೂ ಜಾಸ್ತಿ, ಆ ಪ್ಲಾಸ್ಟಿಕ್ಕನ್ನೇ ಮೆತ್ತಗೆ ಮಾಡುತ್ತದೆ. ಥಿನ್ನರ್ ಆದರೆ ಕರಗಿಸಿಯೇ ಬಿಡುತ್ತದೆ. ಮೆತ್ತಗಾದ ಪದರವನ್ನು ನಾನು ಸ್ಕ್ರಬ್ಬರ್‌ನಿಂದ, ಬಟ್ಟೆಯಿಂದ ಉಜ್ಜಿದ್ದೆ.

ಅದರ ಮೇಲೆ ನಮ್ಮದು ಮ್ಯಾಟ್. ಮ್ಯಾಟ್ ಪೇಂಟಿನಲ್ಲಿ ಪುಡಿ ಜಾಸ್ತಿ, ಅಂಟು (ಅಂದರೆ ಆ ಪ್ಲಾಸ್ಟಿಕ್) ಕಡಿಮೆ. ಮೇಲ್ಮೈ ಕಣ್ಣಿಗೆ ಕಾಣದಷ್ಟು ಒರಟು. ಬೆಳಕು ಎಲ್ಲ ಕಡೆ ಚದುರುವುದರಿಂದಲೇ ಅದಕ್ಕೆ ಹೊಳಪಿಲ್ಲ. ಎಣ್ಣೆ ಒಳಗಿಳಿಯುವುದೂ ಆ ಒರಟಿನ ಸಂದುಗಳಲ್ಲೇ. ಉಜ್ಜಿದರೆ ಒರಟು ಸವೆದು ನುಣುಪಾಗುತ್ತದೆ, ಹಳೇ ಪ್ಯಾಂಟಿನ ಮೊಣಕಾಲು ಮಿಂಚುವ ಹಾಗೆ. ಹಗಲು ಚೆನ್ನಾಗೇ ಕಂಡಿತು. ಸಂಜೆ ಟ್ಯೂಬ್‌ಲೈಟ್ ಹಾಕಿದಾಗ ಗೋಡೆ ಮೇಲೆ ಪರಾತದಷ್ಟು ಅಗಲ ಮಿಂಚುತ್ತಿತ್ತು.

ಪೇಂಟರ್ ಬಂದು ನೋಡಿ ನಕ್ಕರು. "ಅಕ್ಕಾರ, ಕಲೆ ಎಲ್ಲೈತ್ರಿ? ನೀವು ಗ್ವಾಡಿ ಪಾಲಿಶ್ ಮಾಡೀರಿ."

ಉಳಿದಿದ್ದ ಪೇಂಟನ್ನು ಅಲ್ಲಿಗಷ್ಟೇ ಬ್ರಶ್‌ನಿಂದ ಹಚ್ಚಿಸಿದೆ. ಗೋಡೆ ರೋಲರ್‌ನದ್ದು, ತೇಪೆ ಬ್ರಶ್‌ನದ್ದು, ಎರಡರ ಮೈ ಬೇರೆ. ಸುತ್ತಲಿನ ಬಣ್ಣಕ್ಕೆ ಆಗಲೇ ಧೂಳು ಹಿಡಿದು ಮಾಸಿತ್ತು. ತೇಪೆ ಇನ್ನೂ ಎದ್ದು ಕಂಡಿತು. ಕಡೆಗೆ ಎಣ್ಣೆ ಜಾಗವನ್ನು ಸಾಬೂನು ನೀರಿನಿಂದ ತೊಳೆದು, ಪ್ರೈಮರ್ ಹಾಕಿ, ಮೂಲೆಯಿಂದ ಮೂಲೆಗೆ ಇಡೀ ಗೋಡೆ ಹೊಡೆಸಬೇಕಾಯಿತು. ಹಾಂ, ಬಂದವರು ಗೋಡೆ ಕಡೆ ನೋಡಲೇ ಇಲ್ಲ. ಅವಲಕ್ಕಿ ತಿಂದು ಹೋದರು.

ಹಾಗಾಗಿ ಯಾವ ಕ್ಲೀನರ್ ಅನ್ನುವ ಪ್ರಶ್ನೆಯೇ ನನಗೆ ಸರಿ ಕಾಣುವುದಿಲ್ಲ. ತಲೆ, ಕೈ ತಾಗುವ ಜಾಗಕ್ಕೆ ಮ್ಯಾಟ್ ಹೊಡೆಸಿದ್ದೇ ತಪ್ಪು ಆಯ್ಕೆ. ನಮ್ಮ ಕಡೆ ಹಳೇ ಮನೆಗಳಲ್ಲಿ ಸೊಂಟದ ಎತ್ತರದವರೆಗೆ ಆಯಿಲ್ ಪೇಂಟ್ ಪಟ್ಟಿ, ಮೇಲೆ ಸುಣ್ಣ ಇರುತ್ತಿತ್ತಲ್ವಾ? ಅದನ್ನು ಹಳ್ಳಿ ಫ್ಯಾಷನ್ ಅಂತ ಆಡಿಕೊಂಡವರಲ್ಲಿ ನಾನೂ ಒಬ್ಬಳು. ಈಗ ನಮ್ಮ ಗೋಡೆಯ ಕೆಳಭಾಗಕ್ಕೆ ಸ್ಯಾಟಿನ್ ಎಮಲ್ಷನ್, ಅಂದರೆ ಸ್ವಲ್ಪ ಹೊಳಪಿರುವ ಪೇಂಟ್ ಇದೆ. ಅದರಲ್ಲಿ ಅಂಟು ಜಾಸ್ತಿ, ಮೈ ಮುಚ್ಚಿಕೊಂಡಿರುತ್ತದೆ, ಎಣ್ಣೆ ಮೇಲೆಯೇ ಕೂರುತ್ತದೆ.

ಈಗಿರುವ ಕಲೆಗೆ ಏನಾದರೂ ಮಾಡಲೇಬೇಕೆಂದರೆ, ಮೊದಲು ಒಣ ಬಟ್ಟೆಯಿಂದ ಧೂಳು ತೆಗೆಯಿರಿ. ನಮ್ಮ ಹುಬ್ಬಳ್ಳಿ-ಧಾರವಾಡದ ಧೂಳು ಒದ್ದೆಯಾದರೆ ಅದೇ ಇನ್ನೊಂದು ಕಲೆ. ಆಮೇಲೆ ಉಗುರು ಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದೆರಡು ಹನಿ ಹಾಕಿ, ಮೆತ್ತನೆ ಬಟ್ಟೆಯನ್ನು ಚೆನ್ನಾಗಿ ಹಿಂಡಿ, ಒತ್ತಿ ಒತ್ತಿ ತೆಗೆಯಿರಿ. ಉಜ್ಜಬೇಡಿ. ಬಟ್ಟೆಗೆ ಗೋಡೆಯ ಬಣ್ಣ ಬಂದ ಕೂಡಲೇ ನಿಲ್ಲಿಸಿ. ಸೋಡಾ ಪುಡಿ ಬೇಡ. ಬಣ್ಣ ಹೊಡೆಸಿ ತಿಂಗಳು ಆಗಿಲ್ಲದಿದ್ದರೆ ಇದನ್ನೂ ಮಾಡಬೇಡಿ. ಮುಟ್ಟಿದರೆ ಒಣಗಿದಂತೆ ಕಂಡರೂ ಪದರ ಇನ್ನೂ ಪೂರ್ತಿ ಗಟ್ಟಿಯಾಗಿರುವುದಿಲ್ಲ.

ಇಷ್ಟಕ್ಕೂ ಅರ್ಧ ಕಲೆ ಉಳಿದರೆ ಉಳಿಯಲಿ, ಸೋಫಾ ಹಿಂದೆ ಒಂದು ಬಟ್ಟೆ ಇಳಿಬಿಡಿ. ಥಿನ್ನರ್ ಡಬ್ಬಿಯನ್ನು ಅಂಗಡಿಯವರು ವಾಪಸ್ ತಗೊಳ್ಳದಿದ್ದರೆ, ಗೇಟಿಗೆ ಬಣ್ಣ ಹೊಡೆಸುವಾಗ ಬ್ರಶ್ ತೊಳೆಯಲಿಕ್ಕೆ ಬರುತ್ತದೆ.