ಲೈಟ್ ಕೆಂಪು, ಹಾಲ್ ಸಪ್ಪೆ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ದೂರು. ಡಿಜೆ ಕಂಟ್ರೋಲರ್ (ಲ್ಯಾಪ್‌ಟಾಪಿನ ಹಾಡುಗಳನ್ನು ಕೈಯಿಂದ ನಡೆಸುವ ಗುಂಡಿಗಳ ಪೆಟ್ಟಿಗೆ) ತಗೊಂಡೆ, ಸೌಂಡೇ ಬರ್ತಿಲ್ಲ. ಹಾಗಾಗಿ ಟಿವಿ, ಹೋಮ್ ಥಿಯೇಟರ್ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟಿದ್ದೇನೆ, ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ಸರ್, ಎರಡು ಚಾನೆಲ್ಲಿನ ಸೆಕೆಂಡ್ ಹ್ಯಾಂಡ್ ಕಂಟ್ರೋಲರ್ ತಗೊಂಡು ಎರಡು ತಿಂಗಳಾಯಿತು. ಮನೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೇಳಿದರೆ ಸೂಪರ್. ಹೋದ ವಾರ ವಿದ್ಯಾನಗರದಲ್ಲಿ ಅಕ್ಕನ ಮಗನ ನಾಮಕರಣ ಇತ್ತು. ಬಾಡಿಗೆ ಮಿಕ್ಸರ್, ಸ್ಪೀಕರ್‌ಗೆ ಕೊಟ್ಟರೆ ಸದ್ದು ಅರ್ಧಕ್ಕರ್ಧ ಇಲ್ಲ. ಕಂಟ್ರೋಲರ್ ಲೈಟ್ ಕೆಂಪು ಮುಟ್ಟುತ್ತಿದೆ, ಹಾಲಿನಲ್ಲಿ ಮಾತ್ರ ಸಪ್ಪೆ. ಬೇಸ್ ಇಲ್ಲ, ಹಾಡುವವರ ದನಿ ಬಾವಿಯೊಳಗಿಂದ ಬಂದ ಹಾಗೆ. ಆರ್.ಸಿ.ಎ. ಕೇಬಲ್ (ಟಿವಿಗೆ ಹಾಕುವಂಥ ಕೆಂಪು, ಬಿಳಿ ಪಿನ್ನಿನದು) ಮನೆಯಲ್ಲೇ ಮರೆತಿದ್ದೆ, ಅದಕ್ಕೇ ಹೆಡ್‌ಫೋನ್ ತೂತಿನಿಂದ ಒಂದೇ ಕೇಬಲ್ ಎಳೆದು ಮಿಕ್ಸರ್‌ಗೆ ಚುಚ್ಚಿದ್ದೆ. ಬಾಡಿಗೆಯವರು ಆಂಪ್ (ಸ್ಪೀಕರ್‌ಗೆ ಬಲ ಕೊಡುವ ಆಂಪ್ಲಿಫೈಯರ್) ಸಾಲಲ್ಲ ಅಂದರು. ಹೊಸ ಆಂಪ್ ತಗೊಳ್ಳಲಾ?
— ಓದುಗ, ದಾವಣಗೆರೆ

ಉತ್ತರ: ಬೇಡ್ರಿ, ದುಡ್ಡು ಜೇಬಲ್ಲೇ ಇರಲಿ. ಆಂಪ್ ಪಾಪ ಏನೂ ಮಾಡಿಲ್ಲ. ನಿಮ್ಮ ಪತ್ರದಲ್ಲಿ ಉತ್ತರ ಆಗಲೇ ಇದೆ, ನೀವು ಅದನ್ನು ಕೊನೆಗೆ ಬರೆದಿದ್ದೀರಿ ಅಷ್ಟೆ. ಹೆಡ್‌ಫೋನ್ ತೂತು, ಒಂದೇ ಕೇಬಲ್.

ಆ ಕೇಬಲ್ಲಿನ ದಪ್ಪ ಪಿನ್ ಕೈಗೆ ತಗೊಂಡು ನೋಡಿ, ಅಂಗಡಿಯಲ್ಲಿ ಪಿ-38 ಅಂತಾರಲ್ಲ, ಅದು. ಅದರ ಮೇಲೆ ಎರಡು ಕಪ್ಪು ಗೆರೆ ಇದ್ದರೆ ಸ್ಟೀರಿಯೊ ಪಿನ್ ಅಂತ ಲೆಕ್ಕ. ತುದಿಯಲ್ಲಿ ಎಡಗಡೆ ಸದ್ದು, ನಡುವಿನ ಉಂಗುರದಲ್ಲಿ ಬಲಗಡೆ ಸದ್ದು, ಉಳಿದ ಭಾಗ ಗ್ರೌಂಡ್. ಹೆಡ್‌ಫೋನಿಗೆ ಇದು ಸರಿ. ಆದರೆ ಮಿಕ್ಸರ್ ಚಾನೆಲ್ಲಿನ ತೂತು ಈ ಪಿನ್ನನ್ನು ಬೇರೆ ರೀತಿ ಓದುತ್ತದೆ. ಒಂದೇ ಸದ್ದು ತುದಿಯಲ್ಲಿ ನೇರವಾಗಿ, ಉಂಗುರದಲ್ಲಿ ತಿರುಗುಮುರುಗಾಗಿ ಬರುತ್ತದೆ ಅಂತ ಅದು ನಂಬಿಕೊಂಡು, ಒಂದರಿಂದ ಇನ್ನೊಂದನ್ನು ಕಳೆಯುತ್ತದೆ. ಉದ್ದ ಕೇಬಲ್ ದಾರಿಯಲ್ಲಿ ಹಿಡಿದುಕೊಂಡು ಬರುವ ಗುಂಯ್ ಶಬ್ದ ಹೀಗೆ ಕಳೆದಾಗಲೇ ಹೋಗುವುದು. ಒಳ್ಳೇ ಉಪಾಯ. ಆದರೆ ನೀವು ಅಲ್ಲಿಗೆ ಕೊಟ್ಟಿದ್ದು ಎಡ, ಬಲ. ಹಾಡಿನಲ್ಲಿ ಎರಡೂ ಕಡೆ ಸಮನಾಗಿ ಇರುವುದು ಏನು? ಗಾಯಕರ ದನಿ, ಕಿಕ್, ಬೇಸ್. ಇವೇ ಕಳೆದು ಸೊನ್ನೆ ಆಗುತ್ತವೆ. ಉಳಿಯುವುದು ಎಕೋ, ಪಕ್ಕದ ಗಿಟಾರ್, ಕೋರಸ್ಸಿನ ಚೂರುಪಾರು. ಅದೇ ನಿಮ್ಮ ಬಾವಿ.

ಇದನ್ನು ನಾನೂ ಮಾಡಿದ್ದೇನೆ. ಪಿ.ಜೆ. ಬಡಾವಣೆ ಕಡೆ ಒಂದು ಆರತಕ್ಷತೆ. ಅರ್ಧ ಗಂಟೆ ಒದ್ದಾಡಿದೆ. ಕೊನೆಗೆ ಕ್ಯಾಟರಿಂಗ್ ಹುಡುಗನೊಬ್ಬ ತಟ್ಟೆ ಹಿಡಿದುಕೊಂಡು ಹೋಗುವಾಗ ಕಾಲಿಗೆ ಕೇಬಲ್ ಸಿಕ್ಕಿ, ಪಿನ್ ಅರ್ಧ ಹೊರಗೆ ಬಂತು. ಅಷ್ಟೇ, ಹಾಡು ಧಡ್ ಅಂತ ಬಂತು! ಪಿನ್ ಅರ್ಧ ಎಳೆದಾಗ ಒಂದೇ ಕಡೆಯ ಸದ್ದು ಒಳಗೆ ಹೋಗುತ್ತದೆ, ಕಳೆಯುವುದಕ್ಕೆ ಇನ್ನೊಂದು ಇರುವುದಿಲ್ಲ, ಅದಕ್ಕೆ. ಆ ರಾತ್ರಿ ಪಿನ್ ಕೆಳಗೆ ಲಗ್ನಪತ್ರಿಕೆ ಮಡಚಿ ಸಿಕ್ಕಿಸಿ ಕೆಲಸ ಮುಗಿಸಿದೆ. ನೀವು ಹಾಗೆ ಮಾಡಬೇಡಿ. ಕಂಟ್ರೋಲರ್ ಹಿಂದಿನ ಮಾಸ್ಟರ್ ಔಟ್‌ನಿಂದ ಕೆಂಪು, ಬಿಳಿ ಆರ್.ಸಿ.ಎ. ಎರಡನ್ನೂ ತಗೊಂಡು, ಆ ಕಡೆ ಒಂದೊಂದೇ ಗೆರೆ ಇರುವ ಎರಡು ಮೊನೊ ಪಿನ್ ಹಾಕಿಸಿ ಮಿಕ್ಸರಿನ ಎರಡು ಲೈನ್ ಚಾನೆಲ್‌ಗೆ ಕೊಡಿ. ಸದ್ದನ್ನು ಎಡಕ್ಕೋ ಬಲಕ್ಕೋ ಕಳಿಸುವ ಪ್ಯಾನ್ ಗುಂಡಿಯನ್ನು ಒಂದು ಚಾನೆಲ್ಲಿನಲ್ಲಿ ಪೂರ್ತಿ ಎಡಕ್ಕೆ, ಇನ್ನೊಂದರಲ್ಲಿ ಪೂರ್ತಿ ಬಲಕ್ಕೆ ತಿರುಗಿಸಿ.

ಇಷ್ಟಾದ ಮೇಲೂ ಸ್ವಲ್ಪ ಕಮ್ಮಿ ಅನ್ನಿಸಬಹುದು. ಮನೆ ಸಾಮಾನಿನ ಆರ್.ಸಿ.ಎ. ಲೆಕ್ಕ ಸುಮಾರು 0.3 ವೋಲ್ಟ್, ಸ್ಟೇಜ್ ಸಾಮಾನಿನ ಲೆಕ್ಕ ಸುಮಾರು 1.2 ವೋಲ್ಟ್. ಸದ್ದಿನ ಅಳತೆ ಡೆಸಿಬಲ್ ಲೆಕ್ಕದಲ್ಲಿ ಹತ್ತಿರ ಹತ್ತಿರ 12 ವ್ಯತ್ಯಾಸ. ಅದನ್ನು ಮಿಕ್ಸರಿನ ಗೇನ್, ಅಂದರೆ ಒಳಗೆ ಬರುವ ಸದ್ದು ಏರಿಸುವ ಗುಂಡಿ, ತಿರುಗಿಸಿ ತುಂಬಿಕೊಳ್ಳಬೇಕು. ಹಾಗೇ ಆ ಚಾನೆಲ್ಲಿನಲ್ಲಿ ಪ್ಯಾಡ್ ಅನ್ನುವ, ಒಳಗೆ ಬರುವ ಸದ್ದನ್ನು ತಗ್ಗಿಸುವ ಪುಟ್ಟ ಬಟನ್ ಒತ್ತಿದೆಯಾ ನೋಡಿ. ಬಾಡಿಗೆ ಮಿಕ್ಸರ್‌ನಲ್ಲಿ ಹಿಂದಿನ ಕಾರ್ಯಕ್ರಮದವರು ಒತ್ತಿದ್ದು ಹಾಗೇ ಇರುತ್ತದೆ. ಅದು ಒಂದೇ ಏಟಿಗೆ 20 ಡೆಸಿಬಲ್ ತಿಂದುಬಿಡುತ್ತದೆ.

ಕೆಂಪು ಲೈಟಿನ ವಿಷಯ. ಅದು ಜೋರು ಅಂತ ಹೇಳುತ್ತಿಲ್ಲ, ಸದ್ದಿನ ತಲೆ ಕತ್ತರಿಸುತ್ತಿದೆ ಅಂತ ಹೇಳುತ್ತಿದೆ. ಹಾಗೇ ಬಿಟ್ಟರೆ ಮೊದಲು ಸುಟ್ಟುಹೋಗುವುದು ಸ್ಪೀಕರಿನ ಮೇಲಿನ ಹಾರ್ನ್, ಬಾಡಿಗೆಯವರು ದುಡ್ಡು ಕೇಳುವುದು ನಿಮ್ಮ ಹತ್ತಿರ.

ಪ್ರಶ್ನೆ: ನನ್ನದು ಉಲ್ಟಾ. ಮಾಸ್ಟರ್ ಪೂರ್ತಿ ಇಟ್ಟರೂ ಕಂಟ್ರೋಲರಿನಲ್ಲಿ ಎರಡೇ ಹಸಿರು ಲೈಟ್ ಹತ್ತುತ್ತದೆ. ಕೇಬಲ್ ಬದಲಿಸಿದೆ, ಸ್ಪೀಕರ್ ಬದಲಿಸಿದೆ, ಏನೂ ಆಗಲಿಲ್ಲ.
— ಓದುಗ, ಹರಿಹರ

ಉತ್ತರ: ಲೈಟೇ ಏಳುತ್ತಿಲ್ಲ ಅಂದರೆ ತಪ್ಪು ಕಂಟ್ರೋಲರ್ ಒಳಗೆ ಅಥವಾ ಲ್ಯಾಪ್‌ಟಾಪಿನಲ್ಲಿ. ಕೇಬಲ್, ಸ್ಪೀಕರ್ ಬದಲಿಸಿ ಪ್ರಯೋಜನ ಇಲ್ಲ, ಅವೆಲ್ಲ ಲೈಟಿನಿಂದ ಆಚೆಗೆ ಬರುವ ಸಾಮಾನು. ಯಾವಾಗಲೂ ಮೊದಲು ಈ ಲೈಟ್ ನೋಡಿ, ಅರ್ಧ ಹುಡುಕಾಟ ಅಲ್ಲೇ ಮುಗಿಯುತ್ತದೆ.

ಪ್ರತಿ ಚಾನೆಲ್ಲಿನ ತಲೆ ಮೇಲೆ ಟ್ರಿಮ್ ಅಥವಾ ಗೇನ್ ಅಂತ ಒಂದು ಗುಂಡಿ ಇರುತ್ತದೆ. ಜನ ಮಾಸ್ಟರ್ ತಿರುಗಿಸಿ ತಿರುಗಿಸಿ ಸುಸ್ತಾಗುತ್ತಾರೆ, ಅದನ್ನು ಮುಟ್ಟುವುದೇ ಇಲ್ಲ. ಫೇಡರ್ (ಮೇಲೆ ಕೆಳಗೆ ಜಾರಿಸುವ ಸದ್ದಿನ ಗುಂಡಿ) ಪೂರ್ತಿ ಮೇಲೆ, ಬೇಸ್, ನಡು, ಟ್ರೆಬಲ್‌ನ ಮೂರೂ ಈಕ್ಯೂ ಗುಂಡಿ ನೆಟ್ಟಗೆ ಮಧ್ಯಕ್ಕೆ ಇಟ್ಟು, ಹಾಡಿನ ಜೋರು ಭಾಗ ಬಂದಾಗ ಹಸಿರು ದಾಟಿ ಹಳದಿ ಮಿನುಗುವ ತನಕ ಟ್ರಿಮ್ ಏರಿಸಿ. ಅಲ್ಲಿಗೆ ನಿಲ್ಲಿಸಿ.

ಟ್ರಿಮ್‌ಗೂ ಬಗ್ಗಲಿಲ್ಲ ಅಂದರೆ ಸಾಫ್ಟ್‌ವೇರ್ ಸೆಟ್ಟಿಂಗ್ ತೆಗೆಯಿರಿ. ಆಟೋ ಗೇನ್ ಆನ್ ಇದ್ದರೆ ಅದು ಹೊಸ ಹಾಡುಗಳನ್ನು ಇಳಿಸಿ ಹಳೆಯ ಹಾಡಿನ ಸಮಕ್ಕೆ ತರುತ್ತದೆ. ರಾಜ್‌ಕುಮಾರ್ ಕಾಲದ ಹಾಡು ಮೆಲ್ಲಗೆ ರೆಕಾರ್ಡ್ ಆಗಿರುವಂಥದ್ದು, ಈಗಿನವು ಶುರುವಿನಿಂದಲೇ ಕಿರುಚುತ್ತವೆ, ಹಾಗಾಗಿ ಈ ಆಟೋ ಗೇನ್ ಕೆಟ್ಟದ್ದೇನಲ್ಲ, ಗುರಿಯನ್ನು ಎಷ್ಟಕ್ಕೆ ಇಟ್ಟಿದೆ ಅಂತ ಮಾತ್ರ ನೋಡಿಕೊಳ್ಳಿ. ಹೆಡ್‌ರೂಮ್ (ಸದ್ದು ಕತ್ತರಿಸದ ಹಾಗೆ ಮೇಲೆ ಬಿಡುವ ಖಾಲಿ ಜಾಗ) ಅಂತ ಇದ್ದರೆ ಅಲ್ಲಿ ಜಾಸ್ತಿ ಬಿಟ್ಟಿದ್ದಷ್ಟೂ ಸದ್ದು ಕಮ್ಮಿ. ಇನ್ನೊಂದು, ಯಾರಿಗೂ ಹೊಳೆಯದ್ದು: ಲ್ಯಾಪ್‌ಟಾಪಿನಲ್ಲಿ ವೀಡಿಯೊ ಕಾಲ್ ಆ್ಯಪ್ ಓಡುತ್ತಿದ್ದರೆ ವಿಂಡೋಸ್ ಉಳಿದ ಸದ್ದನ್ನೆಲ್ಲ 80% ಇಳಿಸುವ ಸೆಟ್ಟಿಂಗ್ ಒಂದಿದೆ. ಸೌಂಡ್ ಸೆಟ್ಟಿಂಗಿನ ಕಮ್ಯುನಿಕೇಷನ್ಸ್ ಭಾಗದಲ್ಲಿ ‘ಏನೂ ಮಾಡಬೇಡ’ ಅನ್ನುವುದನ್ನು ಆರಿಸಿ. ಕಂಟ್ರೋಲರ್ ಕಂಪನಿಯ ಏಸಿಯೊ (ASIO) ಡ್ರೈವರ್, ಅಂದರೆ ವಿಂಡೋಸ್‌ನ ಸೌಂಡ್ ಬಿಟ್ಟು ನೇರವಾಗಿ ಕಂಟ್ರೋಲರ್‌ಗೆ ಸದ್ದು ಕಳಿಸುವ ಸಾಫ್ಟ್‌ವೇರ್, ಹಾಕಿಕೊಂಡರೆ ಈ ಕಾಟವೇ ಇಲ್ಲ.

ಕೊನೆಗೆ ಯು.ಎಸ್.ಬಿ. ನೇರವಾಗಿ ಲ್ಯಾಪ್‌ಟಾಪಿಗೆ ಕೊಡಿ. ಮೌಸು, ಪೆನ್‌ಡ್ರೈವ್ ಎಲ್ಲ ಸೇರಿ ಒಂದೇ ಅಗ್ಗದ ಹಬ್‌ಗೆ ಚುಚ್ಚಿದರೆ, ಯು.ಎಸ್.ಬಿ. 2.0 ಕೊಡುವ 500 ಮಿಲಿಆಂಪಿಯರ್ ಕರೆಂಟನ್ನೇ ಎಲ್ಲವೂ ಹಂಚಿಕೊಳ್ಳಬೇಕು. ಕೆಲವು ಕಂಟ್ರೋಲರ್‌ಗಳು ಅಡಾಪ್ಟರ್ ಇಲ್ಲದೆ ಓಡುವಾಗ ತಾವೇ ಔಟ್‌ಪುಟ್ ಇಳಿಸುತ್ತವೆ. ಜೊತೆಗೆ ಅಡಾಪ್ಟರ್ ಕೊಟ್ಟಿದ್ದರೆ ಅದನ್ನು ಡಬ್ಬದಲ್ಲೇ ಇಡಬೇಡಿ.

ಪ್ರಶ್ನೆ: ಹಾಡು ಚೆನ್ನಾಗಿ ಬರುತ್ತಾ ಇರುತ್ತದೆ, ಇದ್ದಕ್ಕಿದ್ದ ಹಾಗೆ ಇಳಿಯುತ್ತದೆ, ಆಮೇಲೆ ತಾನೇ ಏರುತ್ತದೆ. ಭೂತ ಚೇಷ್ಟೆನಾ?
— ಓದುಗಿ, ಚನ್ನಗಿರಿ

ಉತ್ತರ: ಭೂತ ಅಲ್ಲಮ್ಮ, ಮೈಕು. ಕಂಟ್ರೋಲರಿನಲ್ಲಿ ಟಾಕ್‌ಓವರ್ ಅಂತ ಬಟನ್ ಇದೆ. ಆನ್ ಇದ್ದರೆ ಮೈಕಿನಲ್ಲಿ ಮಾತು ಕೇಳಿದ ತಕ್ಷಣ ಹಾಡನ್ನು ತಗ್ಗಿಸುತ್ತದೆ. ನಿರೂಪಕರು ಮೈಕ್ ಆಫ್ ಮಾಡದೆ ಸ್ಪೀಕರ್ ಪಕ್ಕ ಇಟ್ಟು ಊಟಕ್ಕೆ ಹೋಗಿರುತ್ತಾರೆ. ಹಾಡೇ ಮೈಕಿಗೆ ಹೋಗುತ್ತದೆ, ಕಂಟ್ರೋಲರ್ ಅದನ್ನು ಮಾತು ಅಂತ ತಿಳಿದು ಹಾಡನ್ನು ಇಳಿಸುತ್ತದೆ. ಹಾಡು ಇಳಿದಾಗ ಮೈಕಿಗೆ ಕೇಳುವುದಿಲ್ಲ, ಮತ್ತೆ ಏರಿಸುತ್ತದೆ. ಟಾಕ್‌ಓವರ್ ಆಫ್ ಮಾಡಿ, ಬೇಕಾದಾಗ ಕೈಯಲ್ಲೇ ಫೇಡರ್ ಇಳಿಸಿ.

ಪ್ರಶ್ನೆ: ನಮ್ಮ ಬಡಾವಣೆ ಗಣಪತಿಗೆ ಬಯಲಿನಲ್ಲಿ ಸೌಂಡ್ ಹಾಕಿದ್ದೆವು. ಮುಂದೆ ನಿಂತವರಿಗೆ ಕಿವಿ ಕಿತ್ತುಹೋಗುತ್ತದೆ, ಹಿಂದಿನವರು ಕೇಳಿಸುತ್ತಿಲ್ಲ ಅಂತಾರೆ. ಒಂದೊಂದು ಸಲ ಸದ್ದು ತೇಲಿ ತೇಲಿ ಹೋಗುತ್ತದೆ. ಕಂಟ್ರೋಲರ್ ಹೋಗಿದೆಯಾ?
— ಓದುಗ, ಚಿತ್ರದುರ್ಗ

ಉತ್ತರ: ಜೋಗಿಮಟ್ಟಿ ಗುಡ್ಡದ ಮೇಲೆ ಗಾಳಿಯಂತ್ರಗಳನ್ನು ಸುಮ್ನೆ ನಿಲ್ಲಿಸಿದ್ದಾರಾ? ನಿಮ್ಮೂರಿನ ಗಾಳಿಯ ಕೆಲಸ ಅದು, ಕಂಟ್ರೋಲರ್ ಚೆನ್ನಾಗಿದೆ. ಗಾಳಿಗೆ ಎದುರಾಗಿ ಹೋಗುವ ಸದ್ದು ಮೇಲಕ್ಕೆ ಬಾಗಿ ಜನರ ತಲೆ ಮೇಲೆ ಹಾರಿಹೋಗುತ್ತದೆ, ಗಾಳಿ ಜೊತೆ ಹೋಗುವುದು ನೆಲದ ಕಡೆಗೆ ಬಾಗುತ್ತದೆ. ಹಾಗಾಗಿ ಪೆಂಡಾಲ್ ಹಾಕುವ ಮೊದಲೇ ಒಂದು ಸಂಜೆ ಹೋಗಿ ಗಾಳಿ ಎಲ್ಲಿಂದ ಬೀಸುತ್ತದೆ ನೋಡಿ, ಅದು ಸ್ಟೇಜ್ ಕಡೆಯಿಂದ ಜನರ ಕಡೆಗೆ ಬೀಸುವ ಹಾಗೆ ಜಾಗ ಮಾಡಿಕೊಳ್ಳಿ. ಬಯಲಿನಲ್ಲಿ ದೂರ ಎರಡರಷ್ಟಾದಾಗ 6 ಡೆಸಿಬಲ್ ಇಳಿಯುತ್ತದೆ. 10 ಮೀಟರ್‌ನಲ್ಲಿ ಇದ್ದದ್ದು 40 ಮೀಟರ್‌ಗೆ ಹೋಗುವಷ್ಟರಲ್ಲಿ 12 ಡೆಸಿಬಲ್ ಕಮ್ಮಿ. ಸ್ಪೀಕರ್ ನೆಲದ ಮೇಲೆ ಇಟ್ಟರೆ ಮುಂದಿನ ಸಾಲಿನವರ ಮೈಯೇ ಉಳಿದದ್ದನ್ನು ಹೀರಿಕೊಳ್ಳುತ್ತದೆ. ಟಾಪ್‌ಗಳನ್ನು (ಬೇಸ್ ಡಬ್ಬ ಬಿಟ್ಟು ಉಳಿದ ಸ್ಪೀಕರ್‌ಗಳು) ಸ್ಟ್ಯಾಂಡ್ ಮೇಲೆ ತಲೆಗಿಂತ ಎತ್ತರಕ್ಕೆ ಏರಿಸಿ, ಮೂತಿ ಸ್ವಲ್ಪ ಕೆಳಕ್ಕೆ ಬಾಗಿಸಿ ಹಿಂದಿನ ಸಾಲಿಗೆ ತೋರಿಸಿ. ಸ್ಟ್ಯಾಂಡನ್ನು ಹಗ್ಗದಿಂದ ಬಿಗಿಯಿರಿ, ಆ ಗಾಳಿಗೆ ಅದೂ ಬೇಕು.

ಪ್ರಶ್ನೆ: 1000 ವ್ಯಾಟ್ ಕೊಟ್ಟು 2000 ವ್ಯಾಟ್ ಆಂಪ್ ತಗೊಂಡರೆ ಸದ್ದು ಡಬಲ್ ಆಗುತ್ತಲ್ವಾ?
— ಓದುಗ, ಚಳ್ಳಕೆರೆ

ಉತ್ತರ: ಇಲ್ಲ. ವ್ಯಾಟ್ ಡಬಲ್ ಆದರೆ ಏರುವುದು 3 ಡೆಸಿಬಲ್. ಕಿವಿಗೆ ಡಬಲ್ ಅನ್ನಿಸಬೇಕಾದರೆ ಸುಮಾರು 10 ಬೇಕು, ಅಂದರೆ ಹತ್ತರಷ್ಟು ವ್ಯಾಟ್. ಮೇಲಿನ ದಾವಣಗೆರೆಯವರ ಉತ್ತರ ಓದಿ, ಒತ್ತಿರುವ ಒಂದು ಪ್ಯಾಡ್ ಬಟನ್ ಬಿಡಿಸಿದರೆ 20 ಡೆಸಿಬಲ್ ಪುಕ್ಕಟೆ ಸಿಗುತ್ತದೆ.

ಪ್ರಶ್ನೆ: ರಾತ್ರಿ ಹನ್ನೊಂದಕ್ಕೆ ಪೊಲೀಸರು ಬಂದು ನಿಲ್ಲಿಸಿದರು. ಸೌಂಡ್ ಕಮ್ಮಿನೇ ಇತ್ತು, ನಿಲ್ಲಿಸಬಹುದಾ?
— ಓದುಗ, ಹೊನ್ನಾಳಿ

ಉತ್ತರ: ನಿಲ್ಲಿಸಬಹುದು. 2000ದ ಶಬ್ದಮಾಲಿನ್ಯ ನಿಯಮದಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರ ತನಕ ಬಯಲಲ್ಲಿ ಲೌಡ್‌ಸ್ಪೀಕರ್ ಹಾಕುವಂತಿಲ್ಲ. ಹಬ್ಬಗಳಿಗೆ ಸರ್ಕಾರ 12ರ ತನಕ ಬಿಡಬಹುದು, ಅದೂ ವರ್ಷಕ್ಕೆ 15 ದಿನ ಮೀರದ ಹಾಗೆ. ನಿಮ್ಮ ಕಾರ್ಯಕ್ರಮದ ದಿನ ಅದರಲ್ಲಿ ಸೇರಿದೆಯಾ ಅಂತ ಅನುಮತಿ ಚೀಟಿ ತಗೊಳ್ಳುವಾಗಲೇ ಠಾಣೆಯಲ್ಲಿ ಕೇಳಿಕೊಳ್ಳಿ.