ಊರ ನೀರಿನಿಂದ ಬಂದ ಹಲ್ಲಿನ ಕಲೆಗೆ ವೆನಿಯರ್ ಹಾಕಿಸಬೇಕೆ?

ತಂಗಿ, ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಇಳಕಲ್ ಕಡೆಯ ಹಳ್ಳಿ, ವಯಸ್ಸು 24, ಮೇಲಿನ ಮುಂದಿನ ಹಲ್ಲುಗಳಿಗೆ ಚಿಕ್ಕಂದಿನಿಂದ ಕಂದು ಕಲೆ, ಮೂರು ತಿಂಗಳಲ್ಲಿ ಮದುವೆ. ಡಾಕ್ಟರೊಬ್ಬರು 8 ಹಲ್ಲಿಗೆ ವೆನಿಯರ್, ಅಂದರೆ ಹಲ್ಲು ತೇಯ್ದು ಮೇಲೆ ಅಂಟಿಸುವ ತೆಳು ಚಿಪ್ಪು, ಹಾಕಿದರೆ ಒಂದೇ ವಾರದಲ್ಲಿ ಎಲ್ಲ ಬೆಳ್ಳಗಾಗುತ್ತವೆ ಅಂದಿದ್ದಾರೆ, ಹಾಕಿಸಲೋ ಬೇಡವೋ ಎಂದು ಕೇಳಿದ್ದೀರಿ. ನಾನು ಹುನಗುಂದ ತಾಲೂಕಿನವಳು. ಹನ್ನೆರಡು ವರ್ಷ ತುಂಬುವವರೆಗೂ ಊರ ಬೋರಿನ ನೀರನ್ನೇ ಕುಡಿದು ಬೆಳೆದೆ. ಈಗ ಬಾಗಲಕೋಟೆಯ ನವನಗರದಲ್ಲಿದ್ದೇನೆ, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ನಿಮಗಿರುವಂಥ ಹಲ್ಲುಗಳೇ ನನಗೂ ಇದ್ದವು. ಅದಕ್ಕೇ ಸುತ್ತಿ ಬಳಸದೆ ಹೇಳುತ್ತೇನೆ: 8 ಹಲ್ಲು ತೇಯಲು ಈಗಲೇ ಒಪ್ಪಬೇಡಿ. ಹಲ್ಲನ್ನು ಉಳಿಸಿಕೊಂಡು ಕಲೆ ತೆಗೆಯುವ ದಾರಿಗಳಿವೆ, ಮೊದಲು ಅವನ್ನು ನೋಡಿ. ಅವು ಸಾಲಲಿಲ್ಲವೆಂದರೆ, ಸಾಲದ ಹಲ್ಲಿಗಷ್ಟೇ ವೆನಿಯರ್.

ನಿಮ್ಮ ಸಂಕಟ ನನಗೆ ಗೊತ್ತು. "ಹಲ್ಲ ತಿಕ್ಕೂದಿಲ್ಲೇನ ನೀ?" ಅನ್ನಿಸಿಕೊಂಡಿದ್ದೇನೆ. ನಗು ಬಂದರೆ ಕೈ ತಾನಾಗಿ ಬಾಯಿಗೆ ಹೋಗುತ್ತಿತ್ತು. ಕಾಲೇಜಿನ ಒಂದು ಫೋಟೋದಲ್ಲೂ ನಾನು ಬಾಯಿ ಬಿಟ್ಟು ನಕ್ಕಿಲ್ಲ. ಆದರೆ ಈ ಕಲೆ ಕೊಳೆಯಲ್ಲ, ನಿಮ್ಮ ತಪ್ಪೂ ಅಲ್ಲ. ಇದರ ಹೆಸರು ಫ್ಲೋರೋಸಿಸ್. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ದಾಟಬಾರದು, ಬೇರೆ ನೀರೇ ಇಲ್ಲದ ಕಡೆ ಹೆಚ್ಚೆಂದರೆ 1.5 ಎಂದು ನಮ್ಮ ದೇಶದ ಮಾನದಂಡ ಹೇಳುತ್ತದೆ. ನಮ್ಮ ಭಾಗದ ಎಷ್ಟೋ ಬೋರುಗಳು ಇದನ್ನು ಮೀರಿದವು. ದವಡೆಯೊಳಗೆ ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ, ಅಂದರೆ ಸುಮಾರು ಎಂಟು ವರ್ಷದೊಳಗೆ, ಹೆಚ್ಚು ಫ್ಲೋರೈಡ್ ಹೊಟ್ಟೆಗೆ ಹೋದರೆ ಎನಾಮಲ್, ಅಂದರೆ ಹಲ್ಲಿನ ಹೊರಪದರ, ಗಟ್ಟಿಯಾಗಿ ಕೂಡದೆ ಒಳಗೊಳಗೇ ಸಣ್ಣ ತೂತುಗಳು ಉಳಿಯುತ್ತವೆ. ಅಮೆರಿಕದ ಕೊಲೊರಾಡೊ ಸ್ಪ್ರಿಂಗ್ಸ್ ಎಂಬ ಊರಿನವರಿಗೂ ಇಂಥದೇ ಹಲ್ಲುಗಳಿದ್ದವು. ಮೆಕ್ಕೇ ಎಂಬ ದಂತವೈದ್ಯರು 1901ರಲ್ಲಿ ಅದರ ಬೆನ್ನು ಹತ್ತಿದರು, ಕಾರಣ ನೀರಿನ ಫ್ಲೋರೈಡ್ ಎಂದು ಗೊತ್ತಾಗಲು 1931 ಬರಬೇಕಾಯಿತು. ಡಾಕ್ಟರುಗಳಿಗೇ ಮೂವತ್ತು ವರ್ಷ ಬೇಕಾದದ್ದನ್ನು ನೆಂಟರು ಒಂದು ನೋಟದಲ್ಲಿ "ತಿಕ್ಕಿಲ್ಲ" ಎಂದು ತೀರ್ಮಾನಿಸಿದರೆ ನೀವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ನಿಮ್ಮ ನಿರ್ಧಾರಕ್ಕೆ ಬೇಕಾದ ಮುಖ್ಯ ಮಾತು ಇನ್ನೊಂದಿದೆ. ಹಲ್ಲು ಹುಟ್ಟುವಾಗ ಕಂದು ಇರುವುದಿಲ್ಲ. ಸುಣ್ಣದಂಥ ಬಿಳಿ ಮಚ್ಚೆಯೊಂದಿಗೆ ಬರುತ್ತದೆ. ಆ ಸಣ್ಣ ತೂತುಗಳಲ್ಲಿ ಚಹಾ, ಊಟದ ಬಣ್ಣ ವರ್ಷಗಟ್ಟಲೆ ಇಳಿದಿಳಿದು ಕಂದಾಗುತ್ತದೆ. ಹಾಗಾಗಿ ಎಷ್ಟೋ ಜನರಲ್ಲಿ ಕಂದು ಬಣ್ಣ ಮೇಲಿನ ತೆಳು ಪದರದಲ್ಲೇ ಇರುತ್ತದೆ. ಅಷ್ಟಕ್ಕಾಗಿ ಇಡೀ ಹಲ್ಲಿನ ಮುಖ ತೇಯುವ ಅಗತ್ಯವಿದೆಯೇ ಎಂದು ನಿಮ್ಮ ಡಾಕ್ಟರನ್ನು ಕೇಳಿ.

ವೆನಿಯರ್ ಅಂದರೆ ಹಲ್ಲಿನ ಮುಂಬದಿಗೆ ಅಂಟಿಸುವ ಪಿಂಗಾಣಿಯ ತೆಳು ಚಿಪ್ಪು, ದಪ್ಪ ಸುಮಾರು ಅರ್ಧ ಮಿಲಿಮೀಟರ್. ಅದು ಕೂಡಲೆಂದು ಸಾಮಾನ್ಯವಾಗಿ ಅಷ್ಟೇ ಎನಾಮಲ್ ತೇಯುತ್ತಾರೆ. ಎನಾಮಲ್ ಉಗುರಿನಂತಲ್ಲ, ಹೋದರೆ ಮತ್ತೆ ಬೆಳೆಯದು. ಒಳ್ಳೆಯ ಪಿಂಗಾಣಿ ವೆನಿಯರ್ 10ರಿಂದ 15 ವರ್ಷ ಬಾಳುತ್ತದೆ, ಕೆಲವು ಇನ್ನೂ ಹೆಚ್ಚು. ಬಾಳಲಿ, ಆದರೆ ನಿಮಗೀಗ 24. ನಲವತ್ತರ ಹತ್ತಿರ ಒಮ್ಮೆ, ಐವತ್ತೈದರ ಹತ್ತಿರ ಇನ್ನೊಮ್ಮೆ ಬದಲಿಸಬೇಕಾದೀತು. ಪ್ರತಿ ಸಲವೂ ಖರ್ಚು, ಪ್ರತಿ ಸಲವೂ ಹಲ್ಲು ಇನ್ನಷ್ಟು ತೆಳ್ಳಗೆ.

ನನ್ನ ಚಿಗವ್ವನ ಮಗಳ ಕಥೆ ಹೇಳಲೇಬೇಕು. ಅವಳಿಗೂ ಮದುವೆಯ ಅವಸರ. ಎರಡೇ ದಿನದಲ್ಲಿ ಆರು ಹಲ್ಲು ತೇಯಿಸಿಕೊಂಡಳು. ಮದುವೆಯ ಫೋಟೋಗಳು ಚಂದ ಬಂದವು, ಅದು ಸುಳ್ಳಲ್ಲ. ಐದು ವರ್ಷದ ಮೇಲೆ ಪಂಚಮಿಗೆ ತವರಿಗೆ ಬಂದಾಗ ಶೇಂಗಾ ಉಂಡಿ ಕಚ್ಚಿದಳು, ಒಂದು ಕಳಚಿ ಕೈಗೆ ಬಂತು. ಕನ್ನಡಿ ನೋಡಿಕೊಂಡು, "ಅಕ್ಕಾ, ನನ್ನ ಹಲ್ಲ ಎಲ್ಲಿ ಹೋತು?" ಎಂದು ಅತ್ತಳು. ಒಳಗಿದ್ದದ್ದು ಸುತ್ತಲೂ ತೇಯ್ದು ಗೂಟದಂತಾದ ಹಳದಿ ತುಂಡು. ವೆನಿಯರ್ ಎಂದು ಹೇಳಿ ಕ್ಯಾಪ್ ಹಾಕಿದ್ದರು. ಮುಂದೆ ಎರಡು ಹಲ್ಲಿಗೆ ರೂಟ್ ಕೆನಾಲ್ ಆಯಿತು. ವೆನಿಯರ್‌ಗೆ ಮುಂಬದಿ ಮಾತ್ರ ತೇಯುತ್ತಾರೆ, ಕ್ಯಾಪ್‌ಗೆ ನಾಲ್ಕೂ ಬದಿ. ಹೆಸರು ಕೇಳಿ ಒಪ್ಪಬೇಡಿ. "ಯಾವ ಬದಿ, ಎಷ್ಟು ತೇಯುತ್ತೀರಿ, ಎನಾಮಲ್ ಉಳಿಯುತ್ತದೆಯೇ?" ಎಂದು ಕೇಳಿ. ಎನಾಮಲ್ ಮೇಲೆ ಅಂಟು ಗಟ್ಟಿಯಾಗಿ ಹಿಡಿಯುತ್ತದೆ, ಅದರ ಕೆಳಗಿನ ಪದರದ ಮೇಲೆ ಅಷ್ಟು ಹಿಡಿಯುವುದಿಲ್ಲ.

ಅವಳ ಹಲ್ಲು ನೋಡಿದ್ದರಿಂದಲೇ ನಾನು ಬೇರೆ ದಾರಿ ಹುಡುಕಿದೆ. ದಂತ ಕಾಲೇಜೊಂದರ ಒಪಿಡಿಗೆ ಹೋದೆ. ಅಲ್ಲಿನ ಮೇಡಂ ಮೊದಲು ಮಾಡಿದ್ದು ಮೈಕ್ರೋಅಬ್ರೇಷನ್. ಒಸಡಿಗೆ ಆಸಿಡ್ ತಾಗದಂತೆ ಹಲ್ಲಿನ ಸುತ್ತ ರಬ್ಬರ್ ಹಾಳೆ ಕಟ್ಟಿ, ಆಸಿಡ್ ಬೆರೆತ ತರಿತರಿ ಪೇಸ್ಟಿನಿಂದ ಮೇಲಿನ ಕಂದು ಪದರವನ್ನು ಮೆಲ್ಲಗೆ ಉಜ್ಜಿ ತೆಗೆದರು. ಅಲ್ಲೂ ಎನಾಮಲ್ ಹೋಗುತ್ತದೆ, ಆದರೆ ವೆನಿಯರ್‌ಗೆ ತೇಯುವುದಕ್ಕಿಂತ ತೀರ ಕಡಿಮೆ. ಎರಡು ಸಲಕ್ಕೆ ಕಂದು ಬಹುಪಾಲು ಹೋಯಿತು. ಇದನ್ನು ನೀವು ಮನೆಯಲ್ಲಿ ನಿಂಬೆಹಣ್ಣು, ಸೋಡಾ ಹಚ್ಚಿ ಮಾಡಲು ಹೋಗಬೇಡಿ, ಹಲ್ಲು ಕೆಡುತ್ತದೆ. ಆಮೇಲೆ ನನ್ನ ಹಲ್ಲಿನ ಅಳತೆಗೆ ಮಾಡಿದ, ಹಲ್ಲಿನ ಮೇಲೆ ಕೂರುವ ತಟ್ಟೆಯಲ್ಲಿ ಜೆಲ್ ಹಾಕಿ ಮೂರು ವಾರ ರಾತ್ರಿ ಬ್ಲೀಚಿಂಗ್, ಅಂದರೆ ಹಲ್ಲು ಬೆಳ್ಳಗೆ ಮಾಡುವುದು. ಮೊದಲ ನಾಲ್ಕು ದಿನ ತಣ್ಣೀರು ಕುಡಿದರೆ ಜುಮ್ಮೆನ್ನುತ್ತಿತ್ತು. ಬಿಳಿ ಮಚ್ಚೆಗಳು ಮೊದಲಿಗಿಂತ ಎದ್ದು ಕಂಡು ಗಾಬರಿಯಾದೆ. ಅದು ಬ್ಲೀಚಿಂಗಿನಲ್ಲಿ ಆಗುವಂಥದೇ, ಮುಂದೆ ಸುತ್ತಲಿನ ಹಲ್ಲೂ ಬೆಳ್ಳಗಾಗಿ ಹೊಂದಿಕೊಂಡಿತು. ನಡುವಿನ ಎರಡು ಹಲ್ಲುಗಳಲ್ಲಿ ಕುಳಿಗಳಿದ್ದವು. ಅವಕ್ಕೆ ಎರಡು ವಾರ ಬಿಟ್ಟು ಕಾಂಪೋಸಿಟ್, ಅಂದರೆ ಹಲ್ಲಿನ ಬಣ್ಣದ ತುಂಬುವ ಪದಾರ್ಥ, ಹಚ್ಚಿದರು. ಬ್ಲೀಚಿಂಗ್ ಆದ ಕೂಡಲೇ ಅಂಟಿಸಿದರೆ ಸರಿಯಾಗಿ ಹಿಡಿಯುವುದಿಲ್ಲ, ಅದಕ್ಕೇ ಆ ಬಿಡುವು. ಒಂಬತ್ತು ವರ್ಷವಾಯಿತು. ಕಾಂಪೋಸಿಟ್ ಪಿಂಗಾಣಿಯಷ್ಟು ಹೊಳಪು ಹಿಡಿಯುವುದಿಲ್ಲ, ಚಹಾಕ್ಕೆ ಮಂಕಾಗುತ್ತದೆ. ನನ್ನದೂ ಎರಡು ಸಲ ಪಾಲಿಶ್ ಆಗಿದೆ, ಒಮ್ಮೆ ಅಂಚು ಮುರಿದು ಅರ್ಧ ಗಂಟೆಯಲ್ಲಿ ಸರಿಮಾಡಿಸಿಕೊಂಡೆ. ನನ್ನ ಹಲ್ಲುಗಳು ಹಾಲಿನಂತೆ ಬೆಳ್ಳಗಿಲ್ಲ. ಆದರೆ ಕೈ ಬಾಯಿಗೆ ಹೋಗುವುದು ನಿಂತಿದೆ.

ಹಾಗೆಂದು ವೆನಿಯರ್ ಯಾರಿಗೂ ಬೇಡವೆಂದಲ್ಲ. ಮೇಲ್ಮೈಯೇ ಉದುರಿ ಕುಳಿ ಬಿದ್ದ ಹಲ್ಲಿಗೆ, ಕಂದು ಆಳಕ್ಕೆ ಇಳಿದ ಹಲ್ಲಿಗೆ ಬ್ಲೀಚಿಂಗ್ ಸಾಲದು, ಅಲ್ಲಿ ಪಿಂಗಾಣಿ ನಿಜವಾಗಿಯೂ ಒಳ್ಳೆಯದು. ಅಂಥ ಹಲ್ಲು ನಿಮಗಿದ್ದರೆ ಫ್ಲೋರೋಸಿಸ್ ಹಲ್ಲಿಗೆ ಕೆಲಸ ಮಾಡಿ ಅನುಭವವಿರುವ ಡಾಕ್ಟರನ್ನೇ ಹುಡುಕಿ, ಫ್ಲೋರೋಸಿಸ್ ಆದ ಎನಾಮಲ್‌ಗೆ ಅಂಟು ಹಿಡಿಸುವುದು ಮಾಮೂಲಿ ಎನಾಮಲ್‌ಗಿಂತ ಕಷ್ಟ. ತೇಯುವ ಮೊದಲು ಹಲ್ಲಿನ ಮೇಲೆ ತಾತ್ಕಾಲಿಕವಾಗಿ ಅಚ್ಚು ಕೂರಿಸಿ ನಿಮ್ಮ ನಗು ಹೇಗೆ ಕಾಣುತ್ತದೆ ಎಂದು ತೋರಿಸಲು ಹೇಳಿ. ರಾತ್ರಿ ಹಲ್ಲು ಕಡಿಯುವ ರೂಢಿ, ಒಸಡಿನಲ್ಲಿ ರಕ್ತ, ಹುಳುಕು ಇದ್ದರೆ ಮೊದಲು ಅದಕ್ಕೆ ಚಿಕಿತ್ಸೆ. ಇನ್ನು, ಮನೆಯಲ್ಲಿ ಮಗ್ಗವಿದ್ದು ಹಲ್ಲಿನಿಂದ ನೂಲು ಕಡಿಯುತ್ತಿದ್ದರೆ ಇವತ್ತೇ ಕತ್ತರಿ ಹಿಡಿಯಿರಿ. ಕಬ್ಬು ಸಿಗಿಯುವುದೂ ಬೇಡ. ಖಡಕ್ ರೊಟ್ಟಿಯನ್ನು ಮುರಿದು ಪಕ್ಕದ ಹಲ್ಲಿಗೆ ಕೊಡಿ.

ಮೂರು ತಿಂಗಳು ಕಡಿಮೆ ಸಮಯವಲ್ಲ. ಉಜ್ಜಿಸಿ, ಬ್ಲೀಚಿಂಗ್ ಮುಗಿಸಿ, ಎರಡು ವಾರ ಕಾದು, ಕುಳಿ ತುಂಬಿಸಿದರೂ ಅರಿಶಿನಕ್ಕೆ ಮುಂಚೆ ದಿನಗಳು ಉಳಿಯುತ್ತವೆ. ಈ ವಾರವೇ ಇನ್ನೊಬ್ಬ ಡಾಕ್ಟರಿಗೆ ತೋರಿಸಿ. ಬಾಗಲಕೋಟೆಯಲ್ಲಿ ಪಿಎಂಎನ್‌ಎಂ, ವಿಜಯಪುರದಲ್ಲಿ ಅಲ್-ಅಮೀನ್, ಬೆಳಗಾವಿಯಲ್ಲಿ ಕೆಎಲ್ಇ ದಂತ ಕಾಲೇಜುಗಳಿವೆ, ನಿಮಗೆ ಬಾಗಲಕೋಟೆಯೇ ಹತ್ತಿರ. ಹಲ್ಲು ತುಂಬುವ, ಉಳಿಸುವ ವಿಭಾಗ ಯಾವುದೆಂದು ಚೀಟಿ ಮಾಡಿಸುವಲ್ಲೇ ಕೇಳಿ.

ಒಂದು ಕೋರಿಕೆಯಿದೆ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಅವರು ಯಾವ ನೀರು ಕುಡಿಯುತ್ತಾರೆ ನೋಡಿ. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದು ಇನ್ನೂ ಗಟ್ಟಿಯಾಗುತ್ತದೆ. ಫ್ಲೋರೈಡ್ ಸೋಸುವ ಆರ್‌ಒ ಯಂತ್ರದ ನೀರು ತರಿಸಿ. ನನ್ನ ಮಗಳಿಗೆ ಈಗ ಏಳು ವರ್ಷ. ಊರಿಗೆ ಹೋಗುವಾಗ ಅವಳ ನೀರನ್ನು ಇಲ್ಲಿಂದಲೇ ಕ್ಯಾನಿನಲ್ಲಿ ಒಯ್ಯುತ್ತೇನೆ. ಹೋದ ತಿಂಗಳು ಅವಳ ಮೇಲಿನ ಮೊದಲ ಹೊಸ ಹಲ್ಲು ಒಸಡು ಸೀಳಿ ಬಂತು. ಬೆಳಕಿಗೆ ಹಿಡಿದು ನೋಡಿದೆ, ಮಚ್ಚೆ ಇಲ್ಲ.